ಕರ್ನಲ್‌ನಲ್ಲಿ ಮೆಮೊರಿ ಸೋರುತ್ತಿದೆಯಾ? ಹಿಡಿಯುವ ಟೂಲ್ ನೀವೇ ಕಟ್ಟಿ

ಸಾಮಾನ್ಯ ಪ್ರೋಗ್ರಾಮ್‌ನಲ್ಲಿ ಮೆಮೊರಿ ಲೀಕ್ ಆದರೆ, ಅಂದರೆ ತೆಗೆದುಕೊಂಡ ಮೆಮೊರಿಯನ್ನು ವಾಪಸ್ ಕೊಡದೆ ಹೋದರೆ, ಒಂದು ಸಮಾಧಾನ ಇರುತ್ತದೆ. ಪ್ರೋಗ್ರಾಮ್ ಮುಚ್ಚಿದ ಕೂಡಲೇ ಆಪರೇಟಿಂಗ್ ಸಿಸ್ಟಮ್ ಎಲ್ಲವನ್ನೂ ವಾಪಸ್ ತೆಗೆದುಕೊಳ್ಳುತ್ತದೆ. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಒಳಗೇ ಸೋರಿದರೆ ಆ ದಾರಿ ಇಲ್ಲ. ರೀಬೂಟ್ ಮಾಡುವವರೆಗೆ ಆ ಜಾಗ ಹೋಯಿತು ಅಂತಲೇ ಲೆಕ್ಕ. ವಾಲ್‌ಗ್ರೈಂಡ್‌ನಂಥ ಟೂಲ್‌ಗಳೂ ಇಲ್ಲಿ ನೆರವಿಗೆ ಬರುವುದಿಲ್ಲ. ಅವು ಕರ್ನಲ್ ಮೇಲೆ ಓಡುವ ಪ್ರೋಗ್ರಾಮ್‌ಗಳಿಗೆ ಅಂತ ಬರೆದವು. ಕರ್ನಲ್‌ಗೆ ಬೇಕಾದ ಟೂಲನ್ನು ಕರ್ನಲ್ ಒಳಗೇ ಕೂರಿಸಬೇಕು.

ಲಿನಕ್ಸ್‌ನಲ್ಲಿ ಅಂಥ ಟೂಲ್‌ಗಳು ಇವೆ. ಆದರೆ ಅವು ಯಾಕೆ ಹಾಗೆ ವರ್ತಿಸುತ್ತವೆ ಅಂತ ಅರ್ಥವಾಗಬೇಕಾದರೆ ಚಿಕ್ಕದೊಂದನ್ನು ಕೈಯಾರೆ ಕಟ್ಟುವುದೇ ಒಳ್ಳೆಯದು. ಅದಕ್ಕೆ ಎಕ್ಸ್‌ವಿ6 ಸರಿಯಾದ ಜಾಗ. ಎಂಐಟಿಯವರು 2006ರಲ್ಲಿ ಪಾಠಕ್ಕೆಂದು ಬರೆದ ಪುಟ್ಟ ಕರ್ನಲ್ ಇದು. 2019ರಿಂದ ರಿಸ್ಕ್-ಫೈವ್ ಪ್ರೊಸೆಸರ್‌ಗೆ ಹೊಂದುವ ಆವೃತ್ತಿ ಬಳಕೆಯಲ್ಲಿದೆ. ಕ್ಯೂಎಮು (ಬೇರೆ ಯಂತ್ರವನ್ನು ಅನುಕರಿಸುವ ಪ್ರೋಗ್ರಾಮ್) ಹಾಕಿಕೊಂಡರೆ ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ. ಸಿ ಭಾಷೆ ಮತ್ತು ಪೇಜ್ ಟೇಬಲ್‌ನ ಪರಿಚಯ ನಿಮಗಿದೆ ಅಂದುಕೊಂಡು ಮುಂದೆ ಹೋಗುತ್ತೇನೆ.

ಮೊದಲು: ಈಗ ಏನಿದೆ ನೋಡಿ

ಎಕ್ಸ್‌ವಿ6ರಲ್ಲಿ ಮೆಮೊರಿ ಹಂಚುವ ಕೆಲಸ ಎರಡೇ ಫಂಕ್ಷನ್‌ಗಳದ್ದು. ಕೆಅಲ್ಲಾಕ್ ಒಂದು ಪುಟ ಕೊಡುತ್ತದೆ, ಕೆಫ್ರೀ ವಾಪಸ್ ತೆಗೆದುಕೊಳ್ಳುತ್ತದೆ. ಪುಟ ಅಂದರೆ 4096 ಬೈಟ್. ಅದಕ್ಕಿಂತ ಚಿಕ್ಕದು ಸಿಗುವುದಿಲ್ಲ. ಒಟ್ಟು ಮೆಮೊರಿ 128 ಎಂಬಿ, ಹೆಕ್ಸಾದಲ್ಲಿ 80000000 ಎಂಬ ವಿಳಾಸದಿಂದ ಶುರು. ಅಲ್ಲಿಗೆ 32,768 ಪುಟ. ಕರ್ನಲ್‌ನ ಸ್ವಂತ ಕೋಡ್ ಮತ್ತು ಡೇಟಾ ಕಳೆದರೆ ಉಳಿದಿದ್ದೆಲ್ಲ ಹಂಚಿಕೆಗೆ.

ಲೀಕ್ ಹಿಡಿಯುವ ವ್ಯವಸ್ಥೆಯೊಂದು ಇದರಲ್ಲಿ ಆಗಲೇ ಇದೆ. ಯೂಸರ್‌ಟೆಸ್ಟ್ಸ್ ಅನ್ನುವ ಪರೀಕ್ಷಾ ಪ್ರೋಗ್ರಾಮ್ ಶುರುವಿನಲ್ಲೊಮ್ಮೆ, ಕೊನೆಯಲ್ಲೊಮ್ಮೆ ಖಾಲಿ ಪುಟಗಳನ್ನು ಎಣಿಸುತ್ತದೆ. ಎಣಿಸುವ ಉಪಾಯ ತಮಾಷೆಯಾಗಿದೆ. 'ಇನ್ನೊಂದು ಪುಟ ಕೊಡು, ಇನ್ನೊಂದು ಕೊಡು' ಅಂತ ಎಸ್‌ಬಿಆರ್‌ಕೆ (ಮೆಮೊರಿ ಕೇಳುವ ಸಿಸ್ಟಮ್ ಕಾಲ್) ಮೂಲಕ ಕರ್ನಲ್ ಇಲ್ಲ ಅನ್ನುವವರೆಗೂ ಕೇಳುತ್ತದೆ. ಎಷ್ಟು ಸಿಕ್ಕಿತೋ ಅಷ್ಟು ಖಾಲಿ ಇತ್ತು ಅಂತ. ಕೊನೆಯ ಎಣಿಕೆ ಕಡಿಮೆ ಬಂದರೆ 'ಕೆಲವು ಪುಟ ಕಳೆದುಹೋಗಿವೆ' ಅಂತ ಹೇಳಿ ಫೇಲ್ ಮಾಡುತ್ತದೆ.

ಲೀಕ್ ಇದೆ ಅಂತ ಗೊತ್ತಾಯಿತು. ಸರಿ, ಎಲ್ಲಿ? ಅದಕ್ಕೆ ಉತ್ತರ ಇಲ್ಲ. ಲೀಕ್ ಟೂಲ್ ಹೇಳಬೇಕಾದ ಮುಖ್ಯ ವಿಷಯ ಪುಟವನ್ನು ಯಾರು ತೆಗೆದುಕೊಂಡರು ಅನ್ನೋದು. ಮುಂದಿನ ಎಲ್ಲ ಹೆಜ್ಜೆಗಳೂ ಇದಕ್ಕಾಗಿಯೇ.

ಬೇಕಂತಲೇ ಒಂದು ಲೀಕ್ ಮಾಡಿ

ಟೂಲ್ ಬರೆಯುವ ಮೊದಲೇ ಕರ್ನಲ್‌ಗೆ ಗೊತ್ತಿದ್ದೂ ಗೊತ್ತಿದ್ದೂ ಎರಡು ಲೀಕ್ ಸೇರಿಸಿ. ಬೇರೆ ಬೇರೆ ಬ್ರಾಂಚ್‌ನಲ್ಲಿ ಇಟ್ಟುಕೊಂಡರೆ ಅನುಕೂಲ.

ಒಂದು, ಪೈಪ್ (ಒಂದು ಪ್ರೋಗ್ರಾಮ್‌ನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಒಯ್ಯುವ ಕೊಳವೆ) ಮುಚ್ಚುವ ಪೈಪ್‌ಕ್ಲೋಸ್ ಫಂಕ್ಷನ್‌ನಲ್ಲಿ ಎರಡೂ ತುದಿ ಮುಚ್ಚಿದಾಗ ಕೆಫ್ರೀ ಕರೆಯುವ ಸಾಲನ್ನು ಕಾಮೆಂಟ್ ಮಾಡಿ. ಶೆಲ್‌ನಲ್ಲಿ ಪೈಪ್ ಹಾಕಿ ಆಜ್ಞೆ ಕೊಟ್ಟಾಗೆಲ್ಲ ಒಂದು ಪುಟ ಹೋಗುತ್ತದೆ. ಎರಡು, ಫ್ರೀಪ್ರಾಕ್ ಫಂಕ್ಷನ್‌ನಲ್ಲಿ ಟ್ರ್ಯಾಪ್‌ಫ್ರೇಮ್ (ಕರ್ನಲ್‌ಗೆ ಬರುವಾಗ ಪ್ರೊಸೆಸ್‌ನ ಸ್ಥಿತಿ ಉಳಿಸಿಡುವ ಪುಟ) ಬಿಡುವ ಸಾಲನ್ನು ತೆಗೆಯಿರಿ. ಆಗ ಪ್ರತಿ ಪ್ರೊಸೆಸ್ ಮುಗಿದಾಗಲೂ ಒಂದು ಪುಟ ಹೋಗುತ್ತದೆ. ಎರಡೂ ಒಂದೇ ಥರ ಕಂಡರೂ ಟೂಲ್‌ಗೆ ಇವು ಬೇರೆ ಬೇರೆ ಪರೀಕ್ಷೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ರಿಜಿಸ್ಟರ್ ತೆರೆಯಿರಿ

ಲೈಬ್ರರಿಯಲ್ಲಿ ಪುಸ್ತಕ ಒಯ್ದವರ ಹೆಸರು ಬರೆದಿಡುವ ಹಾಗೆ ಪ್ರತಿ ಪುಟಕ್ಕೂ ಒಂದು ಸಾಲು ಇರಬೇಕು. ಇಲ್ಲಿ ಮೊದಲ ನಿಯಮ: ಟೂಲ್ ತನಗೆ ಬೇಕಾದ ಮೆಮೊರಿಯನ್ನು ಕೆಅಲ್ಲಾಕ್‌ನಿಂದ ಕೇಳಬಾರದು. ಕೆಅಲ್ಲಾಕ್ ಒಳಗಿಂದ ಟೂಲ್, ಟೂಲ್ ಒಳಗಿಂದ ಮತ್ತೆ ಕೆಅಲ್ಲಾಕ್ ಅಂತ ಸುತ್ತಿಕೊಳ್ಳುತ್ತದೆ. ಜೊತೆಗೆ ಮೆಮೊರಿ ಖಾಲಿಯಾದ ಹೊತ್ತಲ್ಲೇ ಟೂಲ್ ಬೇಕಾಗುವುದು. ಆಗಲೇ ಅದಕ್ಕೆ ಜಾಗ ಸಿಗದಿದ್ದರೆ ಏನು ಪ್ರಯೋಜನ?

ಹಾಗಾಗಿ 32,768 ಸಾಲುಗಳ ಸ್ಥಿರ ಅರೇ ಸಾಕು. ಪುಟದ ವಿಳಾಸದಿಂದ ಶುರುವಿನ ವಿಳಾಸ ಕಳೆದು 4096ರಿಂದ ಭಾಗಿಸಿದರೆ ಸಾಲಿನ ನಂಬರ್ ಸಿಗುತ್ತದೆ. ಹುಡುಕುವ ಕೆಲಸವೇ ಇಲ್ಲ. ಪ್ರತಿ ಸಾಲಿನಲ್ಲಿ ನಾಲ್ಕು ಕರೆಗಾರರ (ಪುಟ ಕೇಳಿದ ಫಂಕ್ಷನ್, ಅದನ್ನು ಕರೆದ ಫಂಕ್ಷನ್, ಹೀಗೆ) ವಿಳಾಸ, ಪ್ರೊಸೆಸ್ ಐಡಿ, ಟೈಮರ್‌ನ ಟಿಕ್ ಎಣಿಕೆ, ತಲೆಮಾರು ಸಂಖ್ಯೆ (ಇದರ ಬಳಕೆ ಮುಂದೆ ಹೇಳುತ್ತೇನೆ), ಪುಟದ ಸ್ಥಿತಿ ಇರಲಿ. ಕರೆಗಾರರ ವಿಳಾಸ 8 ಬೈಟ್ ಬೇಕಿಲ್ಲ. ಕರ್ನಲ್ ಕೋಡ್ ಎಲ್ಲ ಶುರುವಿನ ವಿಳಾಸದ ಹತ್ತಿರವೇ ಇದೆ, ಅಲ್ಲಿಂದ ಎಷ್ಟು ದೂರ ಅಂತ 4 ಬೈಟ್‌ನಲ್ಲಿ ಬರೆದರೆ ಆಯಿತು. ಒಂದು ಸಾಲಿಗೆ 32 ಬೈಟ್, ಒಟ್ಟು 1 ಎಂಬಿ. 128 ಎಂಬಿಯಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ.

ನಾಲ್ಕು ಕರೆಗಾರರು ಯಾಕೆ, ಒಬ್ಬರು ಸಾಲದಾ? ಪೇಜ್ ಟೇಬಲ್‌ಗೆ ಬೇಕಾದ ಪುಟಗಳನ್ನು ಕೇಳುವುದು ಬಹುಪಾಲು ವಾಕ್ ಅನ್ನುವ ಫಂಕ್ಷನ್. ಒಂದೇ ವಿಳಾಸ ಬರೆದಿಟ್ಟರೆ ರಿಪೋರ್ಟ್ ತುಂಬ 'ವಾಕ್' 'ವಾಕ್' ಅಂತಲೇ ಬರುತ್ತದೆ. ವಾಕ್ ಅನ್ನು ಕರೆದವರು, ಅವರನ್ನು ಕರೆದವರು ಗೊತ್ತಾದಾಗಲೇ ವಿಷಯ ತಿಳಿಯುವುದು.

ಕರೆಗಾರರನ್ನು ಓದುವುದು ಕಷ್ಟವಲ್ಲ. ಎಕ್ಸ್‌ವಿ6 ಅನ್ನು ಫ್ರೇಮ್ ಪಾಯಿಂಟರ್ (ಈಗಿನ ಫಂಕ್ಷನ್‌ನ ಸ್ಟ್ಯಾಕ್ ಭಾಗ ಎಲ್ಲಿದೆ ಎಂಬ ವಿಳಾಸ) ಉಳಿಸಿಕೊಂಡೇ ಕಂಪೈಲ್ ಮಾಡುತ್ತಾರೆ. ಪ್ರೊಸೆಸರ್‌ನ ಎಸ್0 ರಿಜಿಸ್ಟರ್‌ನಲ್ಲಿ ಫ್ರೇಮ್ ಪಾಯಿಂಟರ್ ಇರುತ್ತದೆ. ಅದಕ್ಕಿಂತ 8 ಬೈಟ್ ಕೆಳಗೆ ವಾಪಸ್ ಹೋಗುವ ವಿಳಾಸ, 16 ಬೈಟ್ ಕೆಳಗೆ ಹಿಂದಿನ ಫ್ರೇಮ್ ಪಾಯಿಂಟರ್. ಹಾಗೇ ಹತ್ತುತ್ತಾ ಹೋಗಿ. ಪ್ರೊಸೆಸ್‌ನ ಕರ್ನಲ್ ಸ್ಟ್ಯಾಕ್ ಒಂದೇ ಪುಟ, ಅದರ ಗಡಿ ದಾಟಿದರೆ ನಿಲ್ಲಿಸಿ. ಬೂಟ್ ಹೊತ್ತಿನ ಸ್ಟ್ಯಾಕ್ ಮಾತ್ರ 16 ಬೈಟ್ ಗಡಿಗೆ ಕೂತಿರುತ್ತದೆ, ಪುಟದ ಗಡಿಗೆ ಅಲ್ಲ. ಅದಕ್ಕೇ ಯಾವ ಪ್ರೊಸೆಸ್ಸೂ ಓಡದಿರುವಾಗ ಒಬ್ಬ ಕರೆಗಾರನನ್ನು ಬರೆದುಕೊಂಡು ಸುಮ್ಮನಾಗಿಬಿಡಿ.

ಸ್ಟ್ಯಾಕ್ ಓದುವ ಕೆಲಸ ಕೆಅಲ್ಲಾಕ್‌ನ ಲಾಕ್ (ಒಮ್ಮೆಗೆ ಒಂದೇ ಸಿಪಿಯು ಪಟ್ಟಿ ಮುಟ್ಟುವಂತೆ ಕಾಯುವ ಬೀಗ) ಹಿಡಿಯುವ ಮೊದಲೇ ಮುಗಿಯಲಿ. ಸಾಲು ತುಂಬುವುದು ಮಾತ್ರ ಲಾಕ್ ಒಳಗೆ.

ಇನ್ನೊಂದು ಕಡೆ ಎಡವುವ ಸಾಧ್ಯತೆ ಇದೆ. ಪುಟದ ಸ್ಥಿತಿ ಗೊತ್ತಿರುವಾಗ ಒಂದೇ ಪುಟವನ್ನು ಎರಡು ಸಲ ಬಿಟ್ಟರೆ ಹಿಡಿಯೋಣ ಅನಿಸುವುದು ಸಹಜ. ಸುಲಭದ ಕೆಲಸವೂ ಹೌದು. ಆದರೆ ಬೂಟ್ ಆಗುವಾಗ ಕೆಇನಿಟ್ ಮಾಡುವುದೇನು ಗೊತ್ತಾ? ಖಾಲಿ ಪಟ್ಟಿ ತಯಾರಿಸಲು ಪ್ರತಿ ಪುಟಕ್ಕೂ ಕೆಫ್ರೀ ಕರೆಯುತ್ತದೆ. ಯಾರೂ ತೆಗೆದುಕೊಳ್ಳದ ಪುಟ ವಾಪಸ್ ಬಂದಂತೆ ಟೂಲ್‌ಗೆ ಕಾಣುತ್ತದೆ. ಮೊದಲ ಪುಟದಲ್ಲೇ ಪ್ಯಾನಿಕ್, ಅಂದರೆ ಕರ್ನಲ್ ಅಲ್ಲೇ ನಿಂತುಬಿಡುತ್ತದೆ. ಕೆಇನಿಟ್ ಮುಗಿದ ಮೇಲೆ ಒಂದು ಫ್ಲ್ಯಾಗ್ ಏರಿಸಿ, ಆಮೇಲಷ್ಟೇ ಈ ತಪಾಸಣೆ ಶುರುವಾಗಲಿ.

ತಲೆಮಾರು ಮತ್ತು ಗುಂಪು

ಈಗ ಪಟ್ಟಿ ಇದೆ. ಹಾಗೇ ಪ್ರಿಂಟ್ ಮಾಡಿದರೆ ಕೆಲಸಕ್ಕೆ ಬಾರದ ಸಾಲುಗಳೇ ಜಾಸ್ತಿ. ಕರ್ನಲ್ ಸ್ಟ್ಯಾಕ್‌ಗಳು, ಕರ್ನಲ್‌ನ ಪೇಜ್ ಟೇಬಲ್, ಡಿಸ್ಕ್ ಡ್ರೈವರ್‌ನ ಪುಟಗಳು ಬೂಟ್‌ನಲ್ಲಿ ತೆಗೆದುಕೊಂಡವು, ಎಂದೂ ವಾಪಸ್ ಬರುವುದಿಲ್ಲ. ಅವು ಲೀಕ್ ಅಲ್ಲ.

ಇದಕ್ಕೇ ತಲೆಮಾರು ಸಂಖ್ಯೆ ಇಟ್ಟಿದ್ದು. ಒಂದು ಕೀ ಒತ್ತಿದರೆ ಸಂಖ್ಯೆ ಒಂದು ಏರುತ್ತದೆ. ಆಮೇಲೆ ಹಂಚಿದ ಪುಟಗಳಿಗೆಲ್ಲ ಹೊಸ ಸಂಖ್ಯೆ. ರಿಪೋರ್ಟ್ ಕೇಳಿದಾಗ ಈ ತಲೆಮಾರಿನವು, ಇನ್ನೂ ವಾಪಸ್ ಬಾರದವು ಮಾತ್ರ ತೋರಿಸಬೇಕು. ಎಕ್ಸ್‌ವಿ6ರಲ್ಲಿ ಕಂಟ್ರೋಲ್-ಪಿ ಒತ್ತಿದರೆ ಪ್ರೊಸೆಸ್ ಪಟ್ಟಿ ಬರುತ್ತದೆ. ಅದರ ಪಕ್ಕದಲ್ಲೇ ಕಂಟ್ರೋಲ್-ಎಲ್ ಅನ್ನು ರಿಪೋರ್ಟಿಗೆ, ಕಂಟ್ರೋಲ್-ಜಿ ಅನ್ನು ಹೊಸ ತಲೆಮಾರಿಗೆ ಸೇರಿಸಿ. ಹೊಸ ಸಿಸ್ಟಮ್ ಕಾಲ್ ಬರೆಯುವ ತಲೆನೋವಿಲ್ಲ. ಶೆಲ್ ಕೆಟ್ಟು ನಿಂತಾಗಲೂ ಕೀ ಕೆಲಸ ಮಾಡುತ್ತದೆ, ಅದು ದೊಡ್ಡ ಲಾಭ.

ನಾಲ್ಕೂ ಕರೆಗಾರರು ಒಂದೇ ಆಗಿರುವ ಸಾಲುಗಳನ್ನು ಒಂದು ಗುಂಪು ಮಾಡಿ, ಪುಟ ಜಾಸ್ತಿ ಇರುವ ಗುಂಪು ಮೇಲೆ ಬರಲಿ. ಗುಂಪು ಮಾಡುವಾಗ ಲಾಕ್ ಹಿಡಿದಿರಿ, ಪ್ರಿಂಟ್ ಮಾಡುವ ಮೊದಲು ಬಿಡಿ. ಲಾಕ್ ಹಿಡಿದುಕೊಂಡೇ ಕನ್ಸೋಲ್‌ಗೆ ಬರೆದರೆ ಇಡೀ ಯಂತ್ರ ಕಾಯುತ್ತಾ ಕೂರುತ್ತದೆ.

ಈಗ ಪೈಪ್ ಲೀಕ್ ಹಾಕಿದ ಕರ್ನಲ್ ಬೂಟ್ ಮಾಡಿ. ಹೊಸ ತಲೆಮಾರು ಶುರು ಮಾಡಿ. ಎಕೋ ಕೊಟ್ಟಿದ್ದನ್ನು ಕ್ಯಾಟ್‌ಗೆ ಪೈಪ್ ಮಾಡುವ ಆಜ್ಞೆಯನ್ನು ಹತ್ತು ಸಲ ಕೊಡಿ. ರಿಪೋರ್ಟ್ ಕೇಳಿ. ಹೀಗೆ ಬರಬೇಕು:

10 ಪುಟ: ಪೈಪ್‌ಅಲ್ಲಾಕ್ ← ಸಿಸ್‌ಪೈಪ್ ← ಸಿಸ್‌ಕಾಲ್ ← ಯೂಸರ್‌ಟ್ರ್ಯಾಪ್

ಹತ್ತು ಸಲ ಮಾಡಿದ ಕೆಲಸಕ್ಕೆ ಹತ್ತು ಪುಟ. ಈ ಹೊಂದಾಣಿಕೆಗಿಂತ ಒಳ್ಳೆಯ ಸುಳಿವು ಇನ್ನೊಂದಿಲ್ಲ. ಅದಕ್ಕೇ ಯಾವ ಲೀಕ್ ಹುಡುಕುವಾಗಲೂ ಒಂದೇ ಕೆಲಸವನ್ನು ನಿಮಗೆ ಗೊತ್ತಿರುವಷ್ಟು ಸಲ ಮಾಡಿ. ಕ್ಯಾಶ್ ಆದರೆ ಸ್ವಲ್ಪ ಬೆಳೆದು ನಿಲ್ಲುತ್ತದೆ, ಲೀಕ್ ನಿಲ್ಲುವುದಿಲ್ಲ.

ವಿಳಾಸವನ್ನು ಹೆಸರಾಗಿಸುವ ಕೆಲಸ ಕರ್ನಲ್‌ಗೆ ಕೊಡಬೇಡಿ. ವಿಳಾಸ ಪ್ರಿಂಟ್ ಮಾಡಿ ಹೊರಗಡೆ ಅಡ್ರ್2ಲೈನ್ ಟೂಲ್‌ಗೆ ಹಾಕಿದರೆ ಫೈಲು, ಸಾಲು ಎರಡೂ ಬರುತ್ತವೆ. ಒಂದು ಕಿವಿಮಾತು: ಇಲ್ಲಿ ಇರುವುದು ವಾಪಸ್ ಹೋಗುವ ವಿಳಾಸ, ಅಂದರೆ ಕರೆಯ ನಂತರದ ಸೂಚನೆ. ಹಾಗೇ ಕೊಟ್ಟರೆ ಕೆಲವೊಮ್ಮೆ ಮುಂದಿನ ಸಾಲು ತೋರಿಸುತ್ತದೆ. ಒಂದು ಕಳೆದು ಕೊಡಿ. ಕಂಪೈಲರ್ ಚಿಕ್ಕ ಫಂಕ್ಷನ್‌ಗಳನ್ನು ಒಳಸೇರಿಸಿದ್ದರೆ ಅವನ್ನೂ ತೋರಿಸುವ ಐ ಆಯ್ಕೆ ಅದರಲ್ಲಿದೆ.

ಸತ್ತ ಪ್ರೊಸೆಸ್‌ಗಳ ಬಗ್ಗೆ ಹುಷಾರು

ಪ್ರೊಸೆಸ್ ಐಡಿ ಬರೆದಿಟ್ಟಿದ್ದೇವಲ್ಲ, ಆ ಪ್ರೊಸೆಸ್ ಈಗ ಇಲ್ಲ ಅಂದರೆ ಪುಟ ಲೀಕ್ ಆಗಿದೆ ಅಂತ ಹೇಳಿಬಿಡಬಹುದಾ? ಪೈಪ್ ಲೀಕ್‌ನಲ್ಲಿ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಶೆಲ್ ಪ್ರತಿ ಆಜ್ಞೆಗೂ ಒಂದು ಮರಿ ಪ್ರೊಸೆಸ್ ಹುಟ್ಟಿಸುತ್ತದೆ, ಪೈಪ್ ಕೇಳುವುದು ಆ ಮರಿ. ಅದು ಮುಗಿದ ಮೇಲೂ ಪುಟ ಉಳಿದಿದೆ ಅಂದರೆ ಅನುಮಾನ ಬರಲೇಬೇಕು.

ಎರಡನೇ ಲೀಕ್ ಹಾಕಿ ನೋಡಿ. ಟ್ರ್ಯಾಪ್‌ಫ್ರೇಮ್ ಪುಟವನ್ನು ಅಲ್ಲಾಕ್‌ಪ್ರಾಕ್ ಕೇಳುತ್ತದೆ, ಅದು ಓಡುವುದು ಹೊಸ ಪ್ರೊಸೆಸ್ ಹುಟ್ಟಿಸುವ ಫೋರ್ಕ್ ಒಳಗೆ. ಫೋರ್ಕ್ ಮಾಡುತ್ತಿರುವುದು ತಾಯಿ ಪ್ರೊಸೆಸ್. ಹಾಗಾಗಿ ರಿಜಿಸ್ಟರ್‌ನಲ್ಲಿ ಬೀಳುವುದು ಶೆಲ್‌ನ ಐಡಿ. ಶೆಲ್ ಬದುಕೇ ಇದೆ! 'ಸತ್ತವರ ಪುಟ' ಅನ್ನುವ ಸೋಸುವಿಕೆ ಈ ಲೀಕನ್ನು ಪೂರ್ತಿ ಬಿಟ್ಟುಬಿಡುತ್ತದೆ. ತಾಯಿಯ ಮೆಮೊರಿಯನ್ನು ಮರಿಗೆ ನಕಲು ಮಾಡುವ ಪುಟಗಳದ್ದೂ ಇದೇ ಕಥೆ. ಹಾಗಾಗಿ ಐಡಿಯನ್ನು ತೋರಿಸಿ, ಆದರೆ ಅದರ ಮೇಲೆ ತೀರ್ಪು ಕೊಡಬೇಡಿ.

ಇಲ್ಲಿಗೆ ನಿಲ್ಲಿಸಿದರೂ ನಿಮ್ಮ ಹತ್ತಿರ ಕೆಲಸಕ್ಕೆ ಬರುವ ಟೂಲ್ ಇದೆ. ನನ್ನ ಪ್ರಕಾರ ನೂರಕ್ಕೆ ತೊಂಬತ್ತು ಸಲ ಇಷ್ಟೇ ಸಾಕು. ಮುಂದಿನದು ಕುತೂಹಲ ಇದ್ದವರಿಗೆ.

ಯಾರೂ ಕೈತೋರಿಸದ ಪುಟ ಹುಡುಕುವುದು

ಇನ್ನೊಂದು ದಾರಿ ಇದೆ. ಪುಟದ ವಿಳಾಸ ಕರ್ನಲ್‌ನಲ್ಲಿ ಎಲ್ಲೂ ಉಳಿದಿಲ್ಲ ಅಂದರೆ ಅದನ್ನು ಬಿಡಲು ಯಾರಿಂದಲೂ ಸಾಧ್ಯವಿಲ್ಲ. ಅದು ಖಂಡಿತ ಲೀಕ್. ಲಿನಕ್ಸ್‌ನ ಕೆಮೆಮ್‌ಲೀಕ್ ಮಾಡುವುದು ಇದನ್ನೇ. ಕ್ಯಾಟಲಿನ್ ಮರಿನಾಸ್ ಬರೆದ ಆ ಟೂಲ್ 2009ರಲ್ಲಿ, 2.6.31 ಕರ್ನಲ್‌ಗೆ ಸೇರಿತು.

ನಮ್ಮ ಟೂಲ್‌ನಲ್ಲಿ ಹುಡುಕಾಟ ಕರ್ನಲ್‌ನ ಡೇಟಾ ಭಾಗದಿಂದ ಶುರುವಾಗಲಿ. ಎಂಟೆಂಟು ಬೈಟ್ ಓದಿ, ಹಂಚಿಕೆಯಾದ ಪುಟದ ವಿಳಾಸದಂತೆ ಕಂಡರೆ ಆ ಪುಟಕ್ಕೆ ಗುರುತು ಹಾಕಿ. ಪುಟದ ಮಧ್ಯದ ವಿಳಾಸವಾದರೂ ಲೆಕ್ಕಕ್ಕೆ ಬರಬೇಕು. ಪ್ರೊಸೆಸ್ ಪಟ್ಟಿ, ಫೈಲ್ ಪಟ್ಟಿ ಎಲ್ಲ ಸ್ಥಿರ ಅರೇಗಳಾದ್ದರಿಂದ ಪೈಪ್, ಟ್ರ್ಯಾಪ್‌ಫ್ರೇಮ್ ಎರಡೂ ಹೀಗೆ ಸಿಗುತ್ತವೆ. ಆಮೇಲೆ ಕರ್ನಲ್ ಸ್ಟ್ಯಾಕ್‌ಗಳು. ನಿಂತಿರುವ ಪ್ರೊಸೆಸ್‌ನ ಸ್ಟ್ಯಾಕನ್ನು ಉಳಿಸಿಟ್ಟ ಸ್ಟ್ಯಾಕ್ ಪಾಯಿಂಟರ್‌ನಿಂದ ಮೇಲಕ್ಕೆ ಮಾತ್ರ ಓದಿ. ಕೆಳಗೆ ಹಳೆಯ ಕರೆಗಳ ಕಸ ಇರುತ್ತದೆ, ಅದರಲ್ಲಿ ಹಳೇ ವಿಳಾಸ ಸಿಕ್ಕಿ ಲೀಕ್ ಮುಚ್ಚಿಹೋಗುತ್ತದೆ.

ಇಷ್ಟು ಮಾಡಿ ಓಡಿಸಿದರೆ ಬಳಕೆದಾರ ಪ್ರೋಗ್ರಾಮ್‌ಗಳ ಪುಟವೆಲ್ಲ ಲೀಕ್ ಅಂತ ಬರುತ್ತದೆ! ಕಾರಣ ಪೇಜ್ ಟೇಬಲ್. ಅದರಲ್ಲಿ ಪುಟದ ವಿಳಾಸ ಇದ್ದ ಹಾಗೇ ಇರುವುದಿಲ್ಲ. ಬಲಕ್ಕೆ 12 ಬಿಟ್, ಮತ್ತೆ ಎಡಕ್ಕೆ 10 ಬಿಟ್ ಸರಿಸಿ, ಕೆಳಗಿನ ಬಿಟ್‌ಗಳಲ್ಲಿ ಅನುಮತಿ ಗುರುತು ಹಾಕಿರುತ್ತಾರೆ. ಬರಿಗಣ್ಣಿಗೆ ಅದು ವಿಳಾಸದಂತೆ ಕಾಣುವುದೇ ಇಲ್ಲ. ಹಾಗಾಗಿ ಪೇಜ್ ಟೇಬಲ್‌ಗಳನ್ನು ಮೂರೂ ಮಟ್ಟದಲ್ಲಿ, ಮಟ್ಟಕ್ಕೆ 512 ನಮೂದಿನಂತೆ, ಬೇರೆಯಾಗಿಯೇ ಹತ್ತಿಳಿಯಬೇಕು. ಬಳಕೆದಾರರ ಪುಟ ಸಿಕ್ಕಿದರೆ ಗುರುತು ಹಾಕಿ, ಒಳಗೆ ಓದಬೇಡಿ. ಅಲ್ಲಿರುವುದು ಅವರ ಡೇಟಾ, ಯಾವ ಸಂಖ್ಯೆ ಬೇಕಾದರೂ ವಿಳಾಸದಂತೆ ಕಾಣಬಹುದು.

ಕರ್ನಲ್‌ನ ಸ್ವಂತ ಪೇಜ್ ಟೇಬಲ್ ಹತ್ತುವಾಗ ಇದರ ಉಲ್ಟಾ ತೊಂದರೆ. ಎಕ್ಸ್‌ವಿ6 ಇಡೀ ಮೆಮೊರಿಯನ್ನು ಅಲ್ಲಿ ನೇರವಾಗಿ ಮ್ಯಾಪ್ ಮಾಡಿಕೊಂಡಿದೆ. ಅದರ ಎಲೆಗಳನ್ನೆಲ್ಲ (ಕೊನೆಯ ಮಟ್ಟದ ನಮೂದುಗಳು) ನಂಬಿದರೆ ಪ್ರತಿ ಪುಟಕ್ಕೂ ಗುರುತು ಬೀಳುತ್ತದೆ, ಲೀಕ್ ಅನ್ನೋದೇ ಇರುವುದಿಲ್ಲ. ಮ್ಯಾಪ್ ಆದ ವಿಳಾಸವೂ ಭೌತಿಕ ವಿಳಾಸವೂ ಒಂದೇ ಆಗಿದ್ದರೆ ಬಿಟ್ಟು ಮುಂದೆ ಹೋಗಿ. ಉಳಿಯುವುದು ಕರ್ನಲ್ ಸ್ಟ್ಯಾಕ್‌ಗಳು, ಅವಕ್ಕೆ ಮಾತ್ರ ಗುರುತು ಹಾಕಿ. ಟೇಬಲ್‌ನ ಪುಟಗಳಿಗೂ ಗುರುತು ಬೀಳಲಿ.

ಸ್ಕ್ಯಾನರ್ ತನ್ನ ಕೆಲಸದ ಪಟ್ಟಿಯಲ್ಲಿ ಪುಟದ ವಿಳಾಸ ಬರೆದಿಟ್ಟುಕೊಂಡರೆ ಮುಂದಿನ ಸಲ ಅದೇ ಪಟ್ಟಿಯಲ್ಲಿ ವಿಳಾಸ ಕಂಡು 'ಸಿಕ್ಕಿತು' ಅಂದುಬಿಡುತ್ತದೆ. ವಿಳಾಸದ ಬದಲು ಸಾಲಿನ ನಂಬರ್ ಬರೆದುಕೊಂಡರೆ ಈ ಕಾಟ ತಪ್ಪುತ್ತದೆ.

ಮೊದಲು ಒಂದೇ ಸಿಪಿಯು ಇಟ್ಟುಕೊಂಡು ಓಡಿಸಿ. ಎಕ್ಸ್‌ವಿ6 ಸಾಮಾನ್ಯವಾಗಿ ಮೂರರಲ್ಲಿ ಏಳುತ್ತದೆ. ಮೂರಿದ್ದಾಗ ಬೇರೆ ಸಿಪಿಯುವಿನ ರಿಜಿಸ್ಟರ್‌ನಲ್ಲಷ್ಟೇ ಇರುವ ವಿಳಾಸ ನಿಮಗೆ ಕಾಣುವುದಿಲ್ಲ. ಆಗ ಒಂದೇ ಸ್ಕ್ಯಾನ್ ನಂಬಬೇಡಿ, ಸ್ವಲ್ಪ ಬಿಟ್ಟು ಇನ್ನೊಮ್ಮೆ ನೋಡಿ, ಎರಡರಲ್ಲೂ ಸಿಗದ ಪುಟ ಮಾತ್ರ ವರದಿ ಮಾಡಿ. ಕೆಮೆಮ್‌ಲೀಕ್ ಕೂಡ ಹುಟ್ಟಿ ಐದು ಸೆಕೆಂಡ್ ಆಗದ ವಸ್ತುವನ್ನು ವರದಿ ಮಾಡುವುದಿಲ್ಲ. ವಸ್ತುವಿನ ಒಳಗಿನ ಡೇಟಾ ಎರಡು ಸ್ಕ್ಯಾನ್‌ಗಳ ನಡುವೆ ಬದಲಾಗಿದ್ದರೆ ಯಾರೋ ಬಳಸುತ್ತಿದ್ದಾರೆ ಅಂತ ಸದ್ಯಕ್ಕೆ ಬಿಟ್ಟುಬಿಡುತ್ತದೆ.

ಪರೀಕ್ಷೆ

ನೀವೇ ಹಾಕಿದ ಎರಡೂ ಲೀಕ್ ಹಿಡಿಯಬೇಕು, ಅದು ಸರಿ. ಅಷ್ಟೇ ಮುಖ್ಯವಾದದ್ದು, ಲೀಕ್ ಇಲ್ಲದ ಕರ್ನಲ್‌ನಲ್ಲಿ ಯೂಸರ್‌ಟೆಸ್ಟ್ಸ್ ಪೂರ್ತಿ ಓಡಿಸಿ ರಿಪೋರ್ಟ್ ಕೇಳಿದರೆ ಒಂದೂ ಲೀಕ್ ಬರಬಾರದು. ಸುಳ್ಳು ಎಚ್ಚರಿಕೆ ಕೊಡುವ ಟೂಲನ್ನು ಜನ ಎರಡೇ ದಿನಕ್ಕೆ ಆಫ್ ಮಾಡುತ್ತಾರೆ. ಯೂಸರ್‌ಟೆಸ್ಟ್ಸ್ ಮುಗಿಯಲು ಟೂಲ್ ಇದ್ದಾಗ, ಇಲ್ಲದಾಗ ಎಷ್ಟು ಹೊತ್ತು ಬೇಕು ಅಂತಲೂ ಬರೆದಿಡಿ.

ಲಿನಕ್ಸ್‌ಗೆ ಬಂದರೆ

ಬೆಂಗಳೂರಿನಲ್ಲಿ ಡ್ರೈವರ್ ಬರೆಯುವ ಕೆಲಸದಲ್ಲಿರುವವರಿಗೆ ಇದು ದಿನದ ಪಾಡು. ಲಿನಕ್ಸ್‌ನಲ್ಲಿ ಮೊದಲು ಪ್ರಾಕ್ ಫೋಲ್ಡರ್ ಒಳಗಿನ ಮೆಮ್‌ಇನ್ಫೋ ಫೈಲ್ ನೋಡಿ. ಫ್ರೀ ಕಡಿಮೆ ಇದೆ ಅಂತ ಗಾಬರಿ ಬೇಡ, ಫೈಲ್ ಕ್ಯಾಶ್ ಬೇಕಾದಾಗ ಬಿಟ್ಟುಕೊಡುತ್ತದೆ. ಎಸ್‌ಅನ್‌ರಿಕ್ಲೇಮ್ ಅನ್ನುವ ಸಾಲು ಬೆಳೆಯುತ್ತಲೇ ಇದ್ದರೆ ಸ್ಲ್ಯಾಬ್‌ಟಾಪ್ ತೆರೆದು ಯಾವ ಸ್ಲ್ಯಾಬ್ (ಒಂದೇ ಬಗೆಯ ವಸ್ತುಗಳಿಗೆ ಕರ್ನಲ್ ತೆಗೆದಿಟ್ಟ ಮೆಮೊರಿ) ಉಬ್ಬುತ್ತಿದೆ ನೋಡಿ.

ಕೆಮೆಮ್‌ಲೀಕ್ ಬೇಕಾದರೆ ಅದನ್ನು ಆನ್ ಮಾಡಿ ಕಂಪೈಲ್ ಮಾಡಿದ ಕರ್ನಲ್ ಬೇಕು. ಡಿಬಗ್‌ಎಫ್‌ಎಸ್‌ನಲ್ಲಿರುವ (ಕರ್ನಲ್ ಡಿಬಗ್‌ಗೆಂದೇ ಇರುವ ಫೈಲ್ ಸಿಸ್ಟಮ್) ಅದರ ಫೈಲಿಗೆ 'ಕ್ಲಿಯರ್' ಬರೆದರೆ ಅಲ್ಲಿಯವರೆಗೆ ಸಿಕ್ಕ ಅನುಮಾನಗಳನ್ನು ಬದಿಗಿಡುತ್ತದೆ. ನಮ್ಮ ತಲೆಮಾರಿನ ಕೀ ಥರವೇ. ನಿಮ್ಮ ಪರೀಕ್ಷೆ ಓಡಿಸಿ, 'ಸ್ಕ್ಯಾನ್' ಬರೆಯಿರಿ, ಆಮೇಲೆ ಫೈಲ್ ಓದಿ. ತಾನಾಗಿ ಹತ್ತು ನಿಮಿಷಕ್ಕೊಮ್ಮೆ ಸ್ಕ್ಯಾನ್ ಮಾಡುತ್ತದೆ, ಅಷ್ಟು ಹೊತ್ತು ಕಾಯಬೇಕಿಲ್ಲ. ನೇರವಾಗಿ ಪುಟಗಳನ್ನೇ ಕೇಳುವ ಕೋಡ್‌ನ ಲೀಕ್ ಮಾತ್ರ ಇದರ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಪೇಜ್ ಓನರ್ ಇದೆ. ಬೂಟ್ ಆಯ್ಕೆಯಲ್ಲಿ ಆನ್ ಮಾಡಿದರೆ ಪ್ರತಿ ಪುಟದ ಕರೆಗಾರರನ್ನು ಬರೆದಿಡುತ್ತದೆ, ನಾವು ಕಟ್ಟಿದ ರಿಜಿಸ್ಟರ್‌ನ ದೊಡ್ಡಣ್ಣ.

ಗ್ರಾಹಕರ ಯಂತ್ರದಲ್ಲಿ ಇವೆರಡನ್ನೂ ಸದಾ ಓಡಿಸುವುದು ಭಾರ. ವಿಂಡೋಸ್‌ನವರು ಇದಕ್ಕೆ ಬಹಳ ಹಿಂದೆಯೇ ಅಗ್ಗದ ದಾರಿ ಹಿಡಿದಿದ್ದರು. ಡ್ರೈವರ್ ಮೆಮೊರಿ ಕೇಳುವಾಗಲೇ ನಾಲ್ಕಕ್ಷರದ ಗುರುತು ಕೊಡುತ್ತದೆ, ಪೂಲ್‌ಮಾನ್ ಆ ಗುರುತಿನ ಪ್ರಕಾರ ಲೆಕ್ಕ ತೋರಿಸುತ್ತದೆ. ಲಿನಕ್ಸ್‌ನಲ್ಲಿ ಇದಕ್ಕೆ ಹತ್ತಿರವಾದದ್ದು 2024ರ 6.10 ಕರ್ನಲ್‌ನಲ್ಲಿ ಬಂತು. ಪ್ರಾಕ್ ಒಳಗೆ ಅಲ್ಲಾಕ್‌ಇನ್ಫೋ ಅಂತ ಫೈಲ್. ಕೋಡ್‌ನ ಯಾವ ಸಾಲಿನಿಂದ ಎಷ್ಟು ಬೈಟ್, ಎಷ್ಟು ಹಂಚಿಕೆ ಇನ್ನೂ ಬಾಕಿ ಇದೆ ಅಂತ ಅದರಲ್ಲಿ ಬರುತ್ತದೆ. ಪ್ರತಿ ವಸ್ತುವಿನ ಸ್ಟ್ಯಾಕ್ ಬರೆದಿಡುವುದಿಲ್ಲವಾದ್ದರಿಂದ ಭಾರ ಕಡಿಮೆ. ನಿಮ್ಮ ಕರ್ನಲ್‌ನಲ್ಲಿ ಈ ಸೌಲಭ್ಯ ಕಂಪೈಲ್ ಆಗಿದ್ದರೆ ಅದನ್ನು ಆನ್ ಮಾಡಿ, ಬೆಳಿಗ್ಗೆ ಒಂದು ಪ್ರತಿ, ಸಂಜೆ ಒಂದು ಪ್ರತಿ ಉಳಿಸಿಕೊಳ್ಳಿ. ವ್ಯತ್ಯಾಸ ತೆಗೆದು ಬೈಟ್ ಪ್ರಕಾರ ಜೋಡಿಸಿ, ಮೇಲಿನ ಹತ್ತು ಸಾಲಿನಿಂದ ಹುಡುಕಲು ಶುರು ಮಾಡಿ.